ತಲೆ ಇಲ್ಲದ ನವಿಲು ಪುಕ್ಕಟೆ

ಹೊಟ್ಟೆಕಿಚ್ಚು ದೂರದವರ ಮೇಲೆ ಹುಟ್ಟುವುದಿಲ್ಲ ಎನ್ನುವುದು ನನ್ನ ಅನುಭವ. ಬೆಂಗಳೂರಿನಲ್ಲಿ ಯಾರೋ ಮೂರಂತಸ್ತಿನ ಮನೆ ಕಟ್ಟಿಸಿ, ಮೇಲೆ ಈಜುಕೊಳವನ್ನೂ ಮಾಡಿಸಿಕೊಂಡಿದ್ದಾರೆ ಎಂದು ಕೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಪಾಪ, ತೊಳೆಯುವುದಕ್ಕೆ ಎಷ್ಟು ಕಷ್ಟವೋ ಎಂದುಕೊಂಡು ಸುಮ್ಮನಾಗುತ್ತೇನೆ. ಆದರೆ ನನ್ನ ಜೊತೆಯಲ್ಲೇ, ಅದೇ ಅಡುಗೆಮನೆಯಲ್ಲಿ ನಿಂತು, ಅದೇ ಈಳಿಗೆಮಣೆಯಲ್ಲಿ ಕಾಯಿ ತುರಿದು, ಅದೇ ಅತ್ತೆಯ ಕೈಯಲ್ಲಿ ಬೈಸಿಕೊಂಡವಳು ಒಂದು ಹೊಸ ಮಿಕ್ಸಿ ಕೊಂಡರೂ ಸಾಕು, ನನಗೆ ಊಟ ಸೇರುವುದಿಲ್ಲ. ಡಾಕ್ಟರು ಅದನ್ನು ಗ್ಯಾಸ್ಟ್ರಿಕ್ ಎನ್ನುತ್ತಾರೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎಂದು ಮಾತ್ರೆ ಬರೆದುಕೊಡುತ್ತಾರೆ. ನಾನು ತಪ್ಪದೆ ನುಂಗುತ್ತೇನೆ. ಆ ಗ್ಯಾಸ್ಟ್ರಿಕ್ಕಿನ ಹೆಸರು ಭಾಗ್ಯ ಎನ್ನುವುದನ್ನು ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಭಾಗ್ಯ ನನ್ನ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ನಾನು ಬಂಗಾರಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಬೀದಿಯಲ್ಲೆಲ್ಲ 'ಸರೋಜಾ ಮಿಸ್' ಎಂದೇ ಕರೆಯುತ್ತಾರೆ. ಡ್ರಾಯಿಂಗ್ ಟೀಚರಿಗೆ ಶಾಲೆಯಲ್ಲಿ ಎಷ್ಟು ಮರ್ಯಾದೆ ಇರುತ್ತದೆ ಎನ್ನುವುದು ನಿಮಗೂ ಗೊತ್ತಿರಬಹುದು. ಪರೀಕ್ಷೆ ಹತ್ತಿರ ಬಂದರೆ ಗಣಿತದ ಮೇಷ್ಟ್ರು ಬಂದು, "ಮಿಸ್, ನಿಮ್ಮ ಪೀರಿಯಡ್ ನಾನು ತಗೊಳ್ಳಲಾ?" ಎಂದು ಕೇಳುತ್ತಾರೆ. ಕೇಳುವಾಗಲೇ ಅವರ ಕೈಯಲ್ಲಿ ಸೀಮೆಸುಣ್ಣ ಇರುತ್ತದೆ. ಹೀಗಾಗಿ ಜೀವನದಲ್ಲಿ ನನಗೆ ಅಂತ ಇದ್ದದ್ದು ಒಂದೇ ಒಂದು ಪದವಿ. ಸಂಕ್ರಾಂತಿಯ ದಿನ ನಮ್ಮ ಬೀದಿಯ ಮಹಿಳಾ ಸಂಘದವರು ರಂಗೋಲಿ ಸ್ಪರ್ಧೆ ಇಡುತ್ತಾರೆ. ಅದಕ್ಕೆ ಸ್ಪರ್ಧೆ ಶುರುವಾದಾಗಿನಿಂದಲೂ ತೀರ್ಪುಗಾರಳು ನಾನೇ. ಪೆಂಡಾಲಿನ ಅಂಗಡಿಯಿಂದ ನನಗೊಬ್ಬಳಿಗೆ ಕೆಂಪು ಮಖಮಲ್ಲಿನ ಕುರ್ಚಿ ತರಿಸುತ್ತಾರೆ, ಕೈಗೊಂದು ಎಳನೀರು ಕೊಡುತ್ತಾರೆ. ನಾನು ಅದನ್ನು ನಿಧಾನವಾಗಿ ಹೀರುತ್ತ, ಬಗ್ಗಿ ರಂಗೋಲಿ ಹಾಕುತ್ತಿರುವ ಬೀದಿಯ ಹೆಂಗಸರ ಬೆನ್ನುಗಳನ್ನು ನೋಡುತ್ತ ಕೂತಿರುತ್ತೇನೆ. ವರ್ಷದ ಉಳಿದ ದಿನಗಳನ್ನೆಲ್ಲ ನಾನು ಆ ಒಂದು ಬೆಳಗಿನ ಆಸೆಯಲ್ಲೇ ಕಳೆಯುತ್ತೇನೆ ಎಂದರೂ ತಪ್ಪಿಲ್ಲ.

ಈಗ ಭಾಗ್ಯಳ ವಿಷಯ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ರಂಗೋಲಿ ಹಾಕುವುದಕ್ಕೇ ಬರುತ್ತಿರಲಿಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಬೇಕಾದರೆ ನಮ್ಮತ್ತೆಯನ್ನು ಕೇಳಿ. ಅವಳು ಕಮಲ ಹಾಕಿದರೆ ಹೂಕೋಸಿನ ಹಾಗೆ ಕಾಣುತ್ತಿತ್ತು. ನಾನೇ ಅವಳ ಪಕ್ಕ ಕೂತು ಗೆರೆ ತಿದ್ದಿದ್ದೇನೆ, ಬೆರಳ ಸಂದಿಯಿಂದ ಪುಡಿ ಹೇಗೆ ಬಿಡಬೇಕು ಎಂದು ತೋರಿಸಿದ್ದೇನೆ. ಆಮೇಲೆ ಮೈದುನನಿಗೆ ಕೆಜಿಎಫ್ ಕಡೆ ಕೆಲಸವಾಗಿ ಅವರು ಕೋರಮಂಡಲ್‌ನಲ್ಲಿ ಮನೆ ಮಾಡಿದರು. ಹಳೆಯ ಗಣಿ ಕೆಲಸಗಾರರ ಸಾಲುಮನೆಗಳ ಪಕ್ಕದ ಬೀದಿ ಅದು. ಅಕ್ಕಪಕ್ಕದವರೆಲ್ಲ ತಮಿಳಿನವರು, ಮಾರ್ಗಳಿ ತಿಂಗಳು ಬಂತೆಂದರೆ ನಸುಕಿನಲ್ಲೇ ಎದ್ದು ಬಾಗಿಲು ತುಂಬ ಕೋಲಂ ಹಾಕುವವರು. ಭಾಗ್ಯ ಅವರ ಜೊತೆ ಬಗ್ಗಿ ಬಗ್ಗಿ ಕಲಿತಳು. ಕಲಿತದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದಳು, ಫೋಟೋ ನೋಡಿ ಅದರ ಮೇಲೆ ಗೆರೆ ಎಳೆಯುವ ಯಾವುದೋ ಆ್ಯಪ್ ಹುಡುಕಿದಳು. ಇಷ್ಟರವರೆಗೂ ನನಗೆ ಏನೂ ಬೇಸರವಿರಲಿಲ್ಲ. ಬೇಸರ ಶುರುವಾದದ್ದು ಅವಳು ಅದಕ್ಕೆ ಬೆಲೆ ಇಟ್ಟಾಗ.

ದೀಪಾವಳಿಗೆ ಸ್ವಲ್ಪ ಮುಂಚೆ ನಮ್ಮ ಬೀದಿಯ ಹೆಂಗಸರ ಮೊಬೈಲ್ ಗ್ರೂಪಿಗೆ ಒಂದು ಮೆಸೇಜು ಬಂತು. 'ಭಾಗ್ಯ ರಂಗೋಲಿ, ಕೋರಮಂಡಲ್. ಪುಕ್ಕಟೆ, ಬೆಳ್ಳಿ, ಚಿನ್ನ. ನಿಮಗೆ ಯಾವುದು ಬೇಕು?' ಪುಕ್ಕಟೆಯದು ಎಲ್ಲರಿಗೂ. ಬೆಳ್ಳಿಯದಕ್ಕೆ ತಿಂಗಳಿಗೆ ಒಂದು ಪ್ಲೇಟ್ ಪಾನಿಪುರಿಯಷ್ಟು ದುಡ್ಡು. ಚಿನ್ನದ್ದಕ್ಕೆ ಅದರ ನಾಲ್ಕೈದರಷ್ಟು, ಆದರೆ ದಿನವೂ ಹೊಸದು, ಬಣ್ಣ ತುಂಬಿದ್ದು, ಹಾಕುವ ವಿಧಾನದ ವಿಡಿಯೋ ಸಮೇತ. ನಾನು ಜೋರಾಗಿ ನಕ್ಕೆ. ರಂಗೋಲಿಯನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ? ಅದು ಅಮ್ಮ ಮಗಳಿಗೆ, ಅತ್ತೆ ಸೊಸೆಗೆ, ಪಕ್ಕದ ಮನೆಯವಳು ಪಕ್ಕದ ಮನೆಯವಳಿಗೆ ಹೇಳಿಕೊಡುವಂಥದ್ದು. ಹನ್ನೊಂದು ಚುಕ್ಕಿ, ಆರರವರೆಗೆ ಮಧ್ಯ ಚುಕ್ಕಿ ಎಂದು ಬಾಯಲ್ಲೇ ದಾಟಿಸುವಂಥದ್ದು. ನಾಳೆ ಇವಳು ಜೋಗುಳಕ್ಕೂ ರೇಟು ಹಾಕುತ್ತಾಳೆ ಎಂದು ನಮ್ಮತ್ತೆಗೆ ಹೇಳಿದೆ. ಅತ್ತೆ, "ಆಕಿದ್ರೆ ಆಕ್ಲಿ ಬುಡು, ನಿದ್ದೆ ಬಂದ್ರೆ ಸಾಕು," ಎಂದರು.

ಆ ಪುಕ್ಕಟೆ ರಂಗೋಲಿಯ ಹಾಳೆಯನ್ನು ಮೊಬೈಲಿನಲ್ಲಿ ತೆರೆದು ನೋಡಿದೆ. ನವಿಲು. ಗರಿ ಅದ್ಭುತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕುತ್ತಿಗೆ ಮೇಲೆ ಏರುತ್ತ ಏರುತ್ತ ಒಂದು ಕಡೆ ಸುಮ್ಮನೆ ನಿಂತುಬಿಟ್ಟಿತ್ತು. ತಲೆಯೇ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ 'ತಲೆ ಬೆಳ್ಳಿಯಲ್ಲಿದೆ' ಎಂದು ಬರೆದಿತ್ತು. ಯಾರೂ ಕದಿಯಬಾರದು ಎಂದೋ ಏನೋ, ನವಿಲಿನ ಹೊಟ್ಟೆಯ ಮೇಲೆ ಅಡ್ಡಲಾಗಿ 'ಭಾಗ್ಯ ರಂಗೋಲಿ, ಕೋರಮಂಡಲ್' ಎಂದು ತೆಳುವಾದ ಅಕ್ಷರದಲ್ಲಿ ಅಚ್ಚು ಹಾಕಿದ್ದಳು.

ದೀಪಾವಳಿಯ ಬೆಳಿಗ್ಗೆ ಹಾಲು ತರಲು ಹೊರಟವಳು ಬಾಗಿಲಲ್ಲೇ ನಿಂತೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಮನೆಮನೆಯ ಮುಂದೆಯೂ ತಲೆ ಇಲ್ಲದ ನವಿಲು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದೊಂದು ನವಿಲಿನ ಹೊಟ್ಟೆಯ ಮೇಲೂ ಬಿಳಿ ಪುಡಿಯಲ್ಲಿ, ದುಂಡಗೆ, ದೀರ್ಘ ಕೊಂಬು ಯಾವುದೂ ಬಿಡದ ಹಾಗೆ, 'ಭಾಗ್ಯ ರಂಗೋಲಿ, ಕೋರಮಂಡಲ್'. ನಮ್ಮ ಹೆಂಗಸರು ಹಾಳೆಯಲ್ಲಿ ಏನಿದೆಯೋ ಅದನ್ನು ಒಂದು ಚುಕ್ಕಿಯೂ ತಪ್ಪದಂತೆ ಹಾಕುವವರು. ಆ ಅಚ್ಚನ್ನೂ ರಂಗೋಲಿಯ ಭಾಗವೆಂದೇ ತಿಳಿದು ಹಾಕಿದ್ದರು. ಸಂಘದ ಅಧ್ಯಕ್ಷೆ ಮುನಿರತ್ನಮ್ಮ ತನ್ನ ನವಿಲಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಇದನ್ನು ಯಾಕೆ ಹಾಕಿದ್ದೀರಿ ಎಂದು ಕೇಳಿದೆ. "ಹಾಳೇಲಿ ಇತ್ತಲ್ಲ ಮಿಸ್, ಅದ್ಕೇ ಆಕ್ದೆ. ಅಕ್ಸರ ಗುಂಡ್‌ಗುಂಡಕ್ಕೆ ಚೆಂದಾಗೈತೆ. ಬುಟ್ರೆ ಅರ್ಧಂಬರ್ಧ ಆಗೋಗಲ್ವಾ?" ಎಂದಳು. ನವಿಲಿಗೆ ತಲೆಯೇ ಇಲ್ಲ, ಇವಳು ಅರ್ಧಂಬರ್ಧದ ಮಾತಾಡುತ್ತಾಳೆ. ರಂಗೋಲಿಯನ್ನು ತುಳಿಯಬಾರದಲ್ಲ. ಹೀಗಾಗಿ ಹಾಲಿನ ಬೂತಿನವರೆಗೂ ನಾನು ನನ್ನ ವಾರಗಿತ್ತಿಯ ಹೆಸರನ್ನು ದಾಟಿ ದಾಟಿ ಕುಪ್ಪಳಿಸಿಕೊಂಡು ಹೋದೆ, ಬರುವಾಗಲೂ ಹಾಗೇ ಬಂದೆ. ನಮ್ಮ ಬಾಗಿಲಲ್ಲಿ ನಾನೇ ಹಾಕಿದ್ದ ಅಷ್ಟದಳ ಕಮಲ ಒಂದು ಇತ್ತು, ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಆ ತಲೆಯನ್ನು ತೆಗೆದದ್ದು ಎಂಥ ತಲೆ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು. ನಮ್ಮತ್ತೆ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತು, ಹೋಗಿಬರುವವರಿಗೆಲ್ಲ, "ಅಬ್ಬದ್ ದಿನ ತಲೆ ಇಲ್ದಿದ್ ನವಿಲ್ನ ಬಾಗ್ಲಾಗೆ ಆಕ್ಕೊಂಡಿದ್ದೀರಲ್ಲ, ಮನೆಗೆ ಒಳ್ಳೇದಲ್ಲ ಕಣಮ್ಮ. ರಂಗೋಲಿ ಮುಗ್ಗು ಅಂದ್ಮೇಲೆ ಪೂರ್ತಿ ಇರ್ಬೇಕು," ಎನ್ನತೊಡಗಿದರು. ಒಬ್ಬಳು ತಾನೇ ಒಂದು ತಲೆ ಬರೆದು ನೋಡಿದಳು, ಅದು ಕೋಳಿಯಾಯಿತು. ಸಂಜೆಯೊಳಗೆ ಮುನಿರತ್ನಮ್ಮ ಬೆಳ್ಳಿಗೆ ದುಡ್ಡು ಕಟ್ಟಿದ್ದಳು. ಬೆಳ್ಳಿಯ ಹಾಳೆ ಬಂತು, ಅದರಲ್ಲಿ ತಲೆ ಇತ್ತು, ಕಿರೀಟದ ಹಾಗೆ ಜುಟ್ಟೂ ಇತ್ತು. ಒಬ್ಬಳು ಕೊಂಡು ಬೀದಿಗೆಲ್ಲ ಹಂಚಿದರೆ ಭಾಗ್ಯಳ ವ್ಯಾಪಾರ ಅಲ್ಲಿಗೆ ಮುಗಿಯಿತು ಎಂದು ನಾನು ಖುಷಿಯಿಂದ ಕಾದೆ. ಆದರೆ ಹೊಟ್ಟೆಯ ಮೇಲಿದ್ದ ಅಚ್ಚು ಬದಲಾಗಿತ್ತು. ಈಗ ಅಲ್ಲಿ 'ಮುನಿರತ್ನಮ್ಮನವರ ಮನೆ' ಎಂದಿತ್ತು. ತನ್ನ ಬಾಗಿಲಲ್ಲಿ ಮುನಿರತ್ನಮ್ಮನ ಹೆಸರು ಹಾಕಿಕೊಳ್ಳಲು ಯಾವ ಹೆಂಗಸು ಒಪ್ಪುತ್ತಾಳೆ? ಅಚ್ಚನ್ನು ಬಿಟ್ಟು ಹಾಕಬಹುದು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ತಂತಮ್ಮ ಹೆಸರಿನ ನವಿಲಿಗೆ ಒಬ್ಬೊಬ್ಬರೇ ದುಡ್ಡು ಕಟ್ಟಿದರು. ಕಾರ್ತಿಕ ಮುಗಿಯುವುದರೊಳಗೆ ಬೀದಿಯ ನವಿಲುಗಳಿಗೆಲ್ಲ ತಲೆ ಬಂದಿತ್ತು.

ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು ವಿಚಾರ. ನಮ್ಮೂರ ಪಾನಿಪುರಿಯನ್ನೇ ತೆಗೆದುಕೊಳ್ಳಿ. ನೀರಿನಂಥ ಬಿಳಿ ಪಾನಿ, ನೋಡಲು ಸಾಧು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಆ ಗಾಡಿಯವನು ಒಂದು ಪ್ಲೇಟು ಮಾರಬೇಕಾದರೆ ಒಂದು ಪ್ಲೇಟಿನ ಪೂರಿ ಕರಿಯಬೇಕು, ಆಲೂಗಡ್ಡೆ ಬೇಯಿಸಬೇಕು. ನಾನು ತಿಂದದ್ದನ್ನು ನೀವು ತಿನ್ನಲಾಗದು. ಭಾಗ್ಯ ಒಂದು ನವಿಲನ್ನು ಒಂದು ಸಲ ಬರೆದಳು, ಅಷ್ಟೇ. ಅದನ್ನು ಇಡೀ ಬಂಗಾರಪೇಟೆ ಕೊಂಡರೂ ಅವಳ ಹತ್ತಿರ ಆ ನವಿಲು ಹಾಗೇ ಇರುತ್ತದೆ. ಅವಳು ಸೀರಿಯಲ್ ನೋಡುತ್ತ ಕಾಲು ಚಾಚಿಕೊಂಡಿದ್ದರೂ ನವಿಲು ಮಾರಾಟವಾಗುತ್ತಲೇ ಇರುತ್ತದೆ. ನಾನು ಇತ್ತ ಎಂಟನೇ ಕ್ಲಾಸಿನಲ್ಲಿ ಅದೇ ಹೂಜಿಯನ್ನು ಬೋರ್ಡಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ಅಂಗೈಯೆಲ್ಲ ಸುಣ್ಣ ಮಾಡಿಕೊಳ್ಳುತ್ತಿರುತ್ತೇನೆ.

ಸರಿ, ಇವಳನ್ನು ಸೋಲಿಸಲು ಒಂದೇ ದಾರಿ ಎಂದುಕೊಂಡೆ. ಅವಳು ಮಾರುವುದನ್ನು ನಾನು ಪೂರ್ತಿಯಾಗಿ ಪುಕ್ಕಟೆ ಕೊಟ್ಟುಬಿಡುವುದು. ಒಂದು ಭಾನುವಾರವೆಲ್ಲ ಕೂತು ನವಿಲು ಬರೆದೆ. ತಲೆ, ಜುಟ್ಟು, ಕೊಕ್ಕು, ಕೊಕ್ಕಿನಲ್ಲೊಂದು ಹೂವಿನ ಎಸಳು, ಕಾಲಿನ ಉಗುರು ಸಹಿತ. ಗ್ರೂಪಿಗೆ ಹಾಕಿ, 'ಎಲ್ಲರೂ ಬಳಸಿಕೊಳ್ಳಿ, ಹಣ ಬೇಕಾಗಿಲ್ಲ' ಎಂದು ಬರೆದೆ. ಮೂರ್ನಾಲ್ಕು ಕೈಮುಗಿದ ಚಿತ್ರಗಳು ಬಂದವು. ಮಾರನೆಯ ದಿನ ಬೀದಿ ನೋಡಿದೆ, ನನ್ನ ನವಿಲು ಎಲ್ಲೂ ಇಲ್ಲ. ವಾರ ಕಾದರೂ ಇಲ್ಲ. ಕೊನೆಗೆ ನಾಚಿಕೆ ಬಿಟ್ಟು ಮುನಿರತ್ನಮ್ಮನನ್ನೇ ಕೇಳಿದೆ. ಅವಳು ತುಂಬ ಸಮಾಧಾನವಾಗಿ, "ನಿಮ್ದೆಲ್ಲಿಗೋಯ್ತದೆ ಮಿಸ್, ಪುಕ್ಕಟೆ ಅಲ್ವಾ, ಯಾವಾಗ್ ಬೇಕಾದ್ರೂ ಆಕ್ಬೋದು. ಬೆಳ್ಳಿಗೆ ದುಡ್ಡು ಕೊಟ್ಟಿದ್ದೀವಿ, ತಿಂಗ್ಳು ಮುಗಿಯೋಷ್ಟ್ರಲ್ಲಿ ಅದ್ನ ಆಕಿ ಮುಗಿಸ್ಬೇಕು," ಎಂದಳು. ನನ್ನ ಉಗುರು ಸಹಿತದ ನವಿಲು ಇಂದಿಗೂ ಅವರೆಲ್ಲರ ಮೊಬೈಲಿನಲ್ಲಿ ಯಾವಾಗಲಾದರೂ ಹಾಕುವ ದಿನಕ್ಕೆ ಕಾಯುತ್ತ ಕೂತಿದೆ.

ನನ್ನ ಗಂಡನಿಗೆ ಮಾರ್ಕೆಟ್ ಹತ್ತಿರ ಬಿತ್ತನೆ ಬೀಜದ ಅಂಗಡಿ. ಊದಿಕೊಂಡ ನನ್ನ ಮುಖ ನೋಡಲಾರದೆ ಅವರು ಒಂದು ಸಂಜೆ ವ್ಯಾಪಾರದ ಗುಟ್ಟು ಹೇಳಿಕೊಟ್ಟರು. "ನೋಡು ಸರೋಜ, ಟೊಮೇಟೊ ಬೀಜ ನಾನು ಮೂರು ಥರ ಇಡ್ತೀನಿ. ಕಡಿಮೇದು, ಮಧ್ಯದ್ದು, ಮೇಲಿನದು. ಮೇಲಿನದನ್ನ ಯಾರೂ ತಗೊಳಲ್ಲ. ಆದ್ರೆ ಅದು ಅಲ್ಲಿ ಕೂತಿದ್ರೇನೇ ಮಧ್ಯದ್ದು ಓಡೋದು. ನೀನೂ ಮೂರು ಮಾಡು," ಎಂದರು. ಮಾಡಿದೆ. ಕಷ್ಟ ಬಂದದ್ದು ಪುಕ್ಕಟೆಯದನ್ನು ಕೆಡಿಸುವಾಗ. ರಬ್ಬರು ಹಿಡಿದು ನವಿಲಿನ ತಲೆಯ ಹತ್ತಿರ ಹೋದರೆ ಕೈಯೇ ಓಡದು. ಇಷ್ಟು ವರ್ಷ ಮಕ್ಕಳಿಗೆ ಚಿತ್ರ ಪೂರ್ತಿ ಮಾಡಿ ಎಂದು ಬೈದವಳು ನಾನು. ಕೊನೆಗೆ ಒಂದು ಕಾಲಿನ ಒಂದು ಉಗುರು ಅಳಿಸಿ ಅದನ್ನು ಪುಕ್ಕಟೆ ಎಂದೆ. ಉಗುರು ಇರುವುದನ್ನು ಬೆಳ್ಳಿ ಎಂದೆ. ಚಿನ್ನಕ್ಕೆ ಏನು ಸೇರಿಸುವುದೆಂದು ತಿಳಿಯದೆ ಗೆರೆಯ ಪ್ರಮಾಣಬದ್ಧತೆಯ ಬಗ್ಗೆ ಒಂದು ಲೇಖನ ಬರೆದು ಸೇರಿಸಿದೆ. ಉಗುರಿಗಾಗಿ ಯಾರೂ ದುಡ್ಡು ಕೊಡಲಿಲ್ಲ. ಚಿನ್ನವನ್ನು ಕೊಂಡವರು ಒಬ್ಬರೇ, ನನ್ನ ಗಂಡನಿಗೆ ಬೀಜ ಕಳಿಸುವ ಏಜೆಂಟರು. ಅವರಿಗೆ ರಂಗೋಲಿ ಹಾಕುವ ಅಭ್ಯಾಸವಿಲ್ಲ, ಇವರು ಬಲವಂತ ಮಾಡಿದ್ದರು ಅಂತ ಆಮೇಲೆ ತಿಳಿಯಿತು.

ಧನುರ್ಮಾಸ ಶುರುವಾದ ಮೇಲೆ ಒಂದು ಮಧ್ಯಾಹ್ನ ಮುನಿರತ್ನಮ್ಮ ಮನೆಗೆ ಬಂದಳು, ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಸಂಕ್ರಾಂತಿ ಸ್ಪರ್ಧೆಗೆ ಕರೆಯಲು ಬಂದಿದ್ದಾಳೆ ಎಂದು ಗೊತ್ತಾಯಿತು. ನಾನು ಒಳಗೆ ಹೋಗಿ ತಲೆ ಬಾಚಿಕೊಂಡು, ಈ ಸಲ ಬೇಡವೇನೋ, ಬೇರೆಯವರಿಗೂ ಅವಕಾಶ ಕೊಡಿ ಎಂದು ಸ್ವಲ್ಪ ಬಿಗುಮಾನ ಮಾಡಿ ಆಮೇಲೆ ಒಪ್ಪಿಕೊಳ್ಳೋಣ ಎಂದು ಮಾತು ಜೋಡಿಸಿಕೊಂಡು ಬಂದೆ. ಬಂದು, "ಈ ಸಲ ನಾನು ಬೇಡವೇನೋ ಮುನಿರತ್ನಮ್ಮ," ಎಂದೆ. ಅವಳ ಮುಖ ಅರಳಿಬಿಟ್ಟಿತು. "ಅಯ್ಯೋ ದೊಡ್ಡ ಮನಸ್ಸು ಮಿಸ್ ನಿಮ್ದು. ಎಂಗೆ ಏಳೋದು ಅಂತ ಒದ್ದಾಡ್ತಿದ್ದೆ. ಭಾಗ್ಯಮ್ಮಾರ್ನ ಕರೆಸೋಣಾಂತ ಎಲ್ಲಾರೂ ಅಂತವ್ರೆ. ನಿಮ್ ವಾರಗಿತ್ತೀನೇ ತಾನೆ, ನೀವೇ ಫೋನ್ ಮಾಡಿ ಏಳ್ಬುಡಿ," ಎಂದು ನನ್ನ ಹಣೆಗೆ ಕುಂಕುಮ ಒತ್ತಿ ಹೋದಳು. ನನ್ನ ಕುರ್ಚಿಯನ್ನು ನನ್ನ ಬಾಯಿಂದಲೇ ಬಿಟ್ಟುಕೊಟ್ಟಿದ್ದೆ. ಅದರಲ್ಲಿ ಕೂರುವವಳನ್ನು ಕರೆಯುವ ಕೆಲಸವೂ ನನ್ನದೇ ಆಯಿತು.

ಫೋನ್ ಮಾಡಿದೆ. ಭಾಗ್ಯ ಜಂಬ ಮಾಡಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು, "ನೀವಿರುವಾಗ ನಾನ್ಯಾಕಕ್ಕ? ನನಗೆ ಕಲಿಸಿದ್ದೇ ನೀವು. ನೀವು ಕೂತ್ಕೊಳ್ಳಿ, ನಾನು ಬಂದು ಪಕ್ಕದಲ್ಲಿ ನಿಂತ್ಕೋತೀನಿ," ಎಂದಳು. ಪಕ್ಕದಲ್ಲಿ ನಿಲ್ಲುವಷ್ಟು ದೊಡ್ಡತನ ಅವಳಿಗಿದ್ದ ಮೇಲೆ ಕೂರುವಷ್ಟು ಸಣ್ಣತನ ನಾನು ತೋರಿಸುವುದು ಹೇಗೆ? ನೀನೇ ಬರಬೇಕು ಎಂದು ಒತ್ತಾಯ ಮಾಡಿದೆ. ಮಾತಿನ ನಡುವೆ ಏನೂ ತಿಳಿಯದವಳ ಹಾಗೆ, ನಿನ್ನ ವ್ಯಾಪಾರದಲ್ಲಿ ಕಷ್ಟ ಯಾವುದು ಎಂದು ಕೇಳಿದೆ. "ಬಿಡಿಸೋದೇನೂ ಕಷ್ಟ ಇಲ್ಲಕ್ಕ. ಎಷ್ಟು ಕೆಡಿಸ್ಬೇಕು ಅನ್ನೋದೇ ಕಷ್ಟ. ಜಾಸ್ತಿ ಕೆಡಿಸಿದ್ರೆ ಯಾರೂ ನೋಡಲ್ಲ, ಕಮ್ಮಿ ಕೆಡಿಸಿದ್ರೆ ಯಾರೂ ಕೊಡಲ್ಲ," ಎಂದಳು. ನಾನು ಅಳಿಸಿದ್ದ ಉಗುರು ನೆನಪಾಗಿ, ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನ್ ಇಟ್ಟೆ.

ಆ ಚಿನ್ನದಲ್ಲಿ ಏನಿದೆ ಎಂದು ನೋಡದೆ ನನಗಿನ್ನು ಜೀವ ನಿಲ್ಲುವ ಹಾಗಿರಲಿಲ್ಲ. ನನ್ನ ನಂಬರಿನಿಂದ ಕೊಳ್ಳುವುದೆಂದರೆ ಸೋತೆ ಎಂದು ಬರೆದುಕೊಟ್ಟ ಹಾಗೆ. ಅಂಗಡಿಯ ಕೆಲಸಕ್ಕೆಂದು ಗಂಡ ಒಂದು ಹಳೆಯ ಮೊಬೈಲು ಇಟ್ಟಿದ್ದರು, ಅದರ ನಂಬರು ನೆಂಟರಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ಒಂದು ಟೊಮೇಟೊ ಹಣ್ಣಿನ ಚಿತ್ರ ಮಾತ್ರ ಇತ್ತು. ಅದರಿಂದ, 'ನಾನು ಬೆಂಗಳೂರಿನ ಶಾಂತಾ, ಚಿನ್ನ ಬೇಕು, ದಯವಿಟ್ಟು ಬೇಗ ಕಳಿಸಿ' ಎಂದು ಬರೆದೆ. ಭಾಗ್ಯ ದೀಪಾವಳಿಯದಕ್ಕಿಂತ ಹೆಚ್ಚಿನ ಬೆಲೆ ಹೇಳಿದಳು, ಈಗ ಏರಿರಬೇಕು ಎಂದುಕೊಂಡು ಮರುಮಾತಾಡದೆ ಕಟ್ಟಿದೆ. ಅಲ್ಲಿಂದ ನನ್ನ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮುಂಚೆಯೇ, 'ಇವತ್ತಿನದು ಬಂತಾ?' ಎಂದು ಆ ಮೊಬೈಲಿನಿಂದ ಭಾಗ್ಯಳನ್ನು ಕೇಳುತ್ತಿದ್ದೆ. ಶಾಲೆಯಲ್ಲಿ ಗಣಿತದ ಮೇಷ್ಟ್ರು ಪೀರಿಯಡ್ ಕೇಳಿದರೆ ಸಂತೋಷದಿಂದ ಕೊಟ್ಟು, ಸ್ಟಾಫ್ ರೂಮಿನಲ್ಲಿ ಕೂತು ಅವಳ ಗೆರೆಗಳಲ್ಲಿ ತಪ್ಪು ಹುಡುಕುತ್ತಿದ್ದೆ. ತಪ್ಪು ಸಿಗುತ್ತಿರಲಿಲ್ಲ. ಹೂಕೋಸು ಬರೆಯುತ್ತಿದ್ದವಳು ಒಂದೇ ಎಳೆಯನ್ನು ಎಲ್ಲೂ ಎತ್ತದೆ ಚುಕ್ಕಿಗಳ ಸುತ್ತ ಹಾಯಿಸಿ, ಹೊರಟಲ್ಲಿಗೇ ತಂದು ಸೇರಿಸಿರುತ್ತಿದ್ದಳು. ಅದನ್ನು ನೋಡುತ್ತಿದ್ದರೆ ಮೆಚ್ಚುಗೆಯೂ ಆಗುತ್ತಿತ್ತು, ಮೊಬೈಲನ್ನು ಎಸೆಯಬೇಕೆಂದೂ ಅನ್ನಿಸುತ್ತಿತ್ತು.

ಹೀಗೆ ಕೆಲವು ದಿನಗಳಾದ ಮೇಲೆ ಶಾಂತಾ ಮೇಡಂಗೆ ಒಂದು ಮೆಸೇಜು ಬಂತು. 'ನಿಮಗಾಗಿ ವಜ್ರ ಇದೆ ಮೇಡಂ. ಚಿನ್ನದವರಿಗೆ ಆರು ಗಂಟೆಗೆ ಬರುವುದು ನಿಮಗೆ ಐದಕ್ಕೇ ಬರುತ್ತದೆ.' ಬೆಲೆ ಒಂದು ಒಳ್ಳೆಯ ಕಾಟನ್ ಸೀರೆಯಷ್ಟಿತ್ತು. ಯೋಚಿಸಿ ನೋಡಿ, ರಂಗೋಲಿ ಅದೇ, ಬಣ್ಣ ಅದೇ, ವಿಡಿಯೋ ಅದೇ. ಒಂದು ಗಂಟೆ ಮುಂಚೆ ಬರುತ್ತದೆ, ಅಷ್ಟೇ. ಬುದ್ಧಿ ನೆಟ್ಟಗಿರುವವರು ಯಾರಾದರೂ ಕೊಳ್ಳುತ್ತಾರೆಯೇ? ನಾನು ಕೊಂಡೆ. ಬೀದಿಯವರೆಲ್ಲ ಇನ್ನೂ ಕಂಬಳಿ ಹೊದ್ದು ಮಲಗಿರುವಾಗ ನನಗೊಬ್ಬಳಿಗೇ ಅವಳ ಮುಂದಿನ ನಡೆ ಗೊತ್ತು ಎನ್ನುವುದು ಆ ಚಳಿಯಲ್ಲಿ ಕಾಫಿಗಿಂತ ಬೆಚ್ಚಗಿರುತ್ತಿತ್ತು.

ಸಂಕ್ರಾಂತಿ ಬಂತು. ಹಿಂದಿನ ಸಂಜೆಯೇ ಭಾಗ್ಯ ಕೋರಮಂಡಲ್‌ನಿಂದ ರೈಲಿನಲ್ಲಿ ಬಂದು ನಮ್ಮ ಮನೆಯಲ್ಲೇ ಉಳಿದಿದ್ದಳು. ಅತ್ತೆಗೆ ಕಾಲು ನೆಲದ ಮೇಲಿರಲಿಲ್ಲ. ಸುಮ್ಮನೆ ನೋಡುತ್ತ ನಿಲ್ಲಲು ಮನಸ್ಸಾಗದೆ ನಾನು ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಜೋಡಿ ಹಂಸ ಹಾಕುವುದೆಂದು ಅಭ್ಯಾಸವನ್ನೂ ಮಾಡಿದ್ದೆ. ಸ್ಪರ್ಧೆ ಆರಕ್ಕೆ. ಐದಕ್ಕೆ ಹಿತ್ತಿಲಿನಲ್ಲಿ ನಿಂತು ಟೊಮೇಟೊ ಮೊಬೈಲು ತೆರೆದೆ. ಅವತ್ತಿನ ವಜ್ರ ಕಬ್ಬಿನ ಜಲ್ಲೆಗಳ ನಡುವೆ ಸುತ್ತಿಕೊಂಡ ಒಂದೇ ಎಳೆಯ ಬಳ್ಳಿ. ಅದನ್ನು ನೋಡಿದ ಮೇಲೆ ನನ್ನ ಹಂಸಗಳು ಬಾತುಕೋಳಿಗಳಾಗಿ ಕಂಡವು. ಆಗ ನನಗೊಂದು ಯೋಚನೆ ಬಂತು. ಚಿನ್ನದವರಿಗೆ ಇದು ತಲುಪುವ ಹೊತ್ತಿಗೆ ಎಲ್ಲರೂ ನೆಲದ ಮೇಲೆ ಬಗ್ಗಿರುತ್ತಾರೆ, ಯಾರೂ ಮೊಬೈಲು ಮುಟ್ಟುವುದಿಲ್ಲ. ಅವಳ ರಂಗೋಲಿಯನ್ನೇ ಅವಳಿಗಿಂತ ಚೆನ್ನಾಗಿ ಅವಳೆದುರಿಗೇ ಹಾಕುತ್ತೇನೆ, ಅದನ್ನು ನೋಡಿ ಅವಳ ಹೊಟ್ಟೆಯೂ ಒಂದು ಸಲ ಉರಿಯಲಿ. ಹಾಗೆಯೇ ಹಾಕಿದೆ. ನನ್ನ ಜನ್ಮದಲ್ಲಿ ಅಷ್ಟು ಸೊಗಸಾಗಿ ಹಾಕಿರಲಿಲ್ಲ. 'ಶಾಂತಾ ಮೇಡಂ ಮನೆ' ಎಂದಿದ್ದ ಅಚ್ಚನ್ನು ಮಾತ್ರ ಬಿಟ್ಟೆ, ನಾನೇನು ಮುನಿರತ್ನಮ್ಮನೇ?

ಭಾಗ್ಯ ಕೆಂಪು ಕುರ್ಚಿಯಿಂದೆದ್ದು ಒಂದೊಂದೇ ರಂಗೋಲಿ ನೋಡುತ್ತ ಬಂದಳು. ನನ್ನದರ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ನಾನು ಪುಡಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಉರಿಯಿತು, ಚೆನ್ನಾಗಿ ಉರಿಯಿತು ಎಂದುಕೊಂಡೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಉರಿ ಇರಲಿಲ್ಲ, ಆಶ್ಚರ್ಯವಿತ್ತು. ಎರಡು ಹೆಜ್ಜೆ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, "ತುಂಬಾ ನೀಟಾಗಿ ಹಾಕಿದ್ದೀರ ಶಾಂತಾ ಮೇಡಂ," ಎಂದಳು. ಸ್ಪರ್ಧೆ ಶುರುವಾಗುವ ಮುಂಚೆ ಆ ರಂಗೋಲಿ ಭೂಮಿಯ ಮೇಲೆ ಇದ್ದದ್ದು ಇಬ್ಬರ ಹತ್ತಿರ ಮಾತ್ರ, ಮಾಡಿದವಳ ಹತ್ತಿರ ಮತ್ತು ವಜ್ರ ಕೊಂಡವಳ ಹತ್ತಿರ. ಡ್ರಾಯಿಂಗ್ ಡಿಪ್ಲೊಮಾ ಮಾಡಿದ ನನಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ಗಣಿತದ ಮೇಷ್ಟ್ರು ನನ್ನ ಪೀರಿಯಡ್ ಕಸಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲ ಬಹುಮಾನ ಮುನಿರತ್ನಮ್ಮನಿಗೆ ಹೋಯಿತು. ನನಗೆ ಸಮಾಧಾನಕರ ಬಹುಮಾನ ಎಂದು ಒಂದು ಸ್ಟೀಲ್ ಡಬ್ಬಿ ಬಂತು. ಗೆರೆ ಬಹಳ ಚೆನ್ನಾಗಿದೆ, ಆದರೆ ಕಲ್ಪನೆ ಸ್ವಂತದ್ದಾಗಿರಬೇಕು ಎಂದು ಭಾಗ್ಯ ಮೈಕಿನಲ್ಲಿ ಹೇಳಿದಳು. ಬರುವ ವರ್ಷವೂ ಅವಳೇ ಬರಬೇಕೆಂದು ಮುನಿರತ್ನಮ್ಮ ಅಲ್ಲೇ ಘೋಷಿಸಿದಳು, ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಇಬ್ಬರೂ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಕೂತೆವು. ನಾನು ಅವಮಾನವನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ, ಆದರೆ ಬಹುಮಾನ ತೆಗೆದುಕೊಂಡ ಮುನಿರತ್ನಮ್ಮ ತಾನೂ ಚಿನ್ನ ಕೊಂಡಿದ್ದೇನೆಂದು ನಗುನಗುತ್ತ ಅದರ ಬೆಲೆ ಹೇಳಿದ್ದಳು. ಅದು ನಾನು ಕೊಟ್ಟದ್ದರಲ್ಲಿ ಅರ್ಧವೂ ಇರಲಿಲ್ಲ. ತಡೆಯಲಾರದೆ, "ಅದೇ ಚಿನ್ನಕ್ಕೆ ಅವಳಿಗೊಂದು ರೇಟು, ನನಗೊಂದು ರೇಟಾ?" ಎಂದು ಕೇಳಿಯೇಬಿಟ್ಟೆ.

ಭಾಗ್ಯ ಕಾಳಿನಿಂದ ಕಣ್ಣೆತ್ತಲಿಲ್ಲ. "ನೀವು ಅಂತ ಗೊತ್ತಿದ್ರೆ ದುಡ್ಡೇ ತಗೋತಿರಲಿಲ್ಲ ಅಕ್ಕ, ದೇವರಾಣೆ. ಯಾರೋ ನನ್ನ ಮೇಲೆ ಪೈಪೋಟಿಗೆ ಬಿದ್ದೋರು ಅನ್ಕೊಂಡಿದ್ದೆ. ಮುನಿರತ್ನಮ್ಮ ಯೋಚನೆ ಮಾಡಿ ನಾಳೆ ಹೇಳ್ತೀನಿ ಅಂದ್ರು, ಅವರಿಗೆ ಇಳಿಸಿದೆ. ಶಾಂತಾ ಮೇಡಂ ಬೇಗ ಕಳಿಸಿ ಅಂದ್ರು, ಏರಿಸಿದೆ. ಮರುದಿನದಿಂದ ಕತ್ತಲಲ್ಲೇ ಎದ್ದು ಬಂತಾ ಬಂತಾ ಅಂತ ಕೇಳೋರು. ಅಷ್ಟೊಂದು ಆತುರ ಇರೋರಿಗೆ ಅಂತಾನೇ ವಜ್ರ ಮಾಡಿದ್ದು. ಅವರೊಬ್ರಿಗೇ ಮಾಡಿದ್ದು," ಎಂದಳು. ಆಮೇಲೆ ಎಲ್ಲ ದುಡ್ಡನ್ನೂ ವಾಪಸ್ ಹಾಕಿಬಿಡುತ್ತೇನೆ ಎಂದು ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ತೆಗೆದಳು. ಯಾವ ದುಡ್ಡು, ಯಾವ ಶಾಂತಾ, ಸುಮ್ಮನೆ ಕಾಳು ಹಿಸುಕು ಎಂದು ಅವಳ ಕೈ ಹಿಡಿದು ಕೂರಿಸಿದೆ. ಇಷ್ಟು ವರ್ಷ ನನ್ನ ಹೊಟ್ಟೆಕಿಚ್ಚಿಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಇವಳು ಅದನ್ನು ಕಣ್ಣಿಂದ ಕಾಣದೆಯೇ ತೂಗಿ, ಸರಿಯಾದ ಬೆಲೆ ಕಟ್ಟಿದ್ದಳು.

ಮಾರನೆಯ ದಿನ ಅವಳು ಊರಿಗೆ ಹೊರಟುಹೋದಳು. ಅದರ ಮರುದಿನ ಬೆಳಿಗ್ಗೆ ಟೊಮೇಟೊ ಮೊಬೈಲಿಗೆ ಮೆಸೇಜು ಬಂದಿತ್ತು. 'ಶಾಂತಾ ಮೇಡಂ, ಮುಂದಿನ ತಿಂಗಳೂ ವಜ್ರ ಮುಂದುವರಿಸಲೇ? ಮನೆಯವರಿಗಾದರೆ ಪುಕ್ಕಟೆ.' ಪುಕ್ಕಟೆ ಎಂದು ಒಪ್ಪಿಕೊಂಡರೆ ನಾನು ಸರೋಜ ಎಂದು ಕೈಯಾರೆ ಬರೆದುಕೊಟ್ಟ ಹಾಗೆ. ಬೆಂಗಳೂರಿನ ಶಾಂತಾ ಮೇಡಂಗೆ ಕೋರಮಂಡಲ್‌ನಲ್ಲಿ ನೆಂಟರು ಯಾರಿದ್ದಾರೆ? ಪೂರ್ತಿ ಬೆಲೆಯನ್ನೇ ಕಟ್ಟಿದೆ. ಕಟ್ಟಿ, ಐದು ದಾಟಿದರೂ ಇವತ್ತಿನದು ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿದೆ.